ಚಿಕ್ಕ ತಂಡಕ್ಕೆ ದೊಡ್ಡ ಎದುರಾಳಿ ಸಿಗುವುದು ಹೇಗೆ? ಮುಂಬೈ ಮೈದಾನಗಳ ವೇಳಾಪಟ್ಟಿಯ ಲೆಕ್ಕಾಚಾರ

ಮುಂಬೈ: 1999ರ ಮಾತು. ಬೊರಿವಲಿಯಲ್ಲಿ ಶಾಲಾ ಹುಡುಗರ ಕ್ರಿಕೆಟ್ ಪಂದ್ಯ ನಡೆಯುತ್ತಿತ್ತು. ಒಂದು ಕಡೆ ಸ್ವಾಮಿ ವಿವೇಕಾನಂದ ಇಂಟರ್‌ನ್ಯಾಷನಲ್ ಶಾಲೆ, ಇನ್ನೊಂದು ಕಡೆ ಕ್ರಿಕೆಟ್‌ನಲ್ಲಿ ಅಷ್ಟೇನೂ ಹೆಸರಿಲ್ಲದ ಶಾಲೆ. ಆ ಹೆಸರಿಲ್ಲದ ಶಾಲೆಯ ಪರ ಆಫ್ ಸ್ಪಿನ್ ಬೌಲಿಂಗ್ ಮಾಡುತ್ತಿದ್ದ ಹುಡುಗನ ಮೇಲೆ ಎದುರಾಳಿ ಕೋಚ್ ದಿನೇಶ್ ಲಾಡ್ ಅವರ ಕಣ್ಣು ಬಿತ್ತು. ತಮ್ಮ ಶಾಲೆಗೆ ಬರುವಂತೆ ಕರೆದರು. ಶುಲ್ಕ ಕಟ್ಟುವ ಶಕ್ತಿ ಮನೆಯವರಿಗಿರಲಿಲ್ಲ. ಲಾಡ್ ಅವರೇ ಶಾಲೆಯೊಂದಿಗೆ ಮಾತನಾಡಿ ಶುಲ್ಕ ಮನ್ನಾ ಮಾಡಿಸಿದರು. ಆ ಹುಡುಗ ರೋಹಿತ್ ಶರ್ಮಾ.

ಈ ಕಥೆಯನ್ನು ಸಾಮಾನ್ಯವಾಗಿ ಪ್ರತಿಭೆ ಗುರುತಿಸಿದ ಕೋಚ್‌ನ ಕಥೆಯಾಗಿ ಹೇಳಲಾಗುತ್ತದೆ. ಆದರೆ ಅದರೊಳಗೆ ಇನ್ನೊಂದು ಸಂಗತಿ ಇದೆ. ಅಂದು ಆ ಎರಡು ಶಾಲೆಗಳು ಮುಖಾಮುಖಿ ಆಗದೇ ಹೋಗಿದ್ದರೆ? ಚಿಕ್ಕ ತಂಡದ ಹುಡುಗ ತನ್ನಷ್ಟೇ ಚಿಕ್ಕ ತಂಡಗಳ ವಿರುದ್ಧ ಮಾತ್ರ ಆಡುತ್ತಾ ಉಳಿದಿದ್ದರೆ ಲಾಡ್ ಅವರ ಕಣ್ಣಿಗೆ ಬೀಳುವ ಸಂದರ್ಭವೇ ಬರುತ್ತಿರಲಿಲ್ಲ.

ಯಾರ ವಿರುದ್ಧ ಆಡುತ್ತೀರಿ ಎಂಬುದು ಎಷ್ಟು ಚೆನ್ನಾಗಿ ಆಡುತ್ತೀರಿ ಎಂಬುದರಷ್ಟೇ ಮುಖ್ಯ. ಹಾಗಾದರೆ ಹಣ, ಹೆಸರು, ಸ್ವಂತ ಮೈದಾನ ಇಲ್ಲದ ತಂಡಕ್ಕೆ ಬಲಿಷ್ಠ ಎದುರಾಳಿ ಸಿಗುವುದು ಹೇಗೆ? ಮುಂಬೈ ಕ್ರಿಕೆಟ್ ಈ ಪ್ರಶ್ನೆಗೆ ಹಲವು ದಶಕಗಳಿಂದ ತನ್ನದೇ ಉತ್ತರಗಳನ್ನು ಕಂಡುಕೊಂಡಿದೆ.

ಎದುರಾಳಿ ಯಾರೆಂಬುದು ಏಕೆ ಮುಖ್ಯ?

ಮುಂಬೈನ ಎರಡು ಪ್ರಸಿದ್ಧ ದಾಖಲೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಇದು ಅರ್ಥವಾಗುತ್ತದೆ.

1988ರ ಫೆಬ್ರವರಿಯಲ್ಲಿ ಆಜಾದ್ ಮೈದಾನದಲ್ಲಿ ಹ್ಯಾರಿಸ್ ಶೀಲ್ಡ್ ಸೆಮಿಫೈನಲ್ ನಡೆಯಿತು. ಶಾರದಾಶ್ರಮ ಶಾಲೆಯ ಸಚಿನ್ ತೆಂಡೂಲ್ಕರ್ ಮತ್ತು ವಿನೋದ್ ಕಾಂಬ್ಳಿ ಮುರಿಯದ 664 ರನ್‌ಗಳ ಜೊತೆಯಾಟವಾಡಿದರು. ಸಚಿನ್ ಅಜೇಯ 326, ಕಾಂಬ್ಳಿ ಅಜೇಯ 349. ಎದುರಾಳಿ ಸೇಂಟ್ ಕ್ಸೇವಿಯರ್ಸ್ ತಂಡದ ಬೌಲರ್‌ಗಳಲ್ಲಿ ಸಾಯಿರಾಜ್ ಬಹುತುಲೆ ಇದ್ದರು. ಅವರು ಮುಂದೆ ಭಾರತದ ಪರ ಟೆಸ್ಟ್ ಆಡಿದ ಲೆಗ್ ಸ್ಪಿನ್ನರ್. ಅಂದರೆ ಆ ರನ್‌ಗಳು ಬಂದದ್ದು ಸೆಮಿಫೈನಲ್‌ವರೆಗೆ ಗೆದ್ದುಬಂದ, ಭವಿಷ್ಯದ ಟೆಸ್ಟ್ ಬೌಲರ್ ಇದ್ದ ತಂಡದ ವಿರುದ್ಧ.

2016ರ ಜನವರಿಯಲ್ಲಿ ಕಲ್ಯಾಣ್‌ನಲ್ಲಿ ಭಂಡಾರಿ ಕಪ್ ಅಂತರ ಶಾಲಾ ಪಂದ್ಯದಲ್ಲಿ ಪ್ರಣವ್ ಧನವಾಡೆ ಅಜೇಯ 1009 ರನ್ ಹೊಡೆದರು. ಇಡೀ ಜಗತ್ತು ಬೆರಗಾಯಿತು. ಅವರ ತಂಡ 3 ವಿಕೆಟ್‌ಗೆ 1465 ರನ್ ಮಾಡಿ ಡಿಕ್ಲೇರ್ ಮಾಡಿಕೊಂಡಿತು. ಎದುರಾಳಿ ಶಾಲೆ ಎರಡು ಇನಿಂಗ್ಸ್‌ಗಳಲ್ಲಿ ಗಳಿಸಿದ್ದು 31 ಮತ್ತು 52 ರನ್. ಆ ಶಾಲೆಯ ದೊಡ್ಡ ಹುಡುಗರು ಪರೀಕ್ಷೆಯ ಸಿದ್ಧತೆಯಲ್ಲಿದ್ದುದರಿಂದ ಚಿಕ್ಕ ಮಕ್ಕಳೇ ಆಡಿದ್ದರು ಎಂದು ಆಗ ವರದಿಯಾಗಿತ್ತು.

ಒಬ್ಬ ಹುಡುಗ ಗಂಟೆಗಟ್ಟಲೆ ಕ್ರೀಸ್‌ನಲ್ಲಿ ನಿಂತು ಸಾವಿರ ರನ್ ಹೊಡೆಯುವುದು ಸಣ್ಣ ಮಾತಲ್ಲ. ಅದರಲ್ಲಿ ಅವನ ತಪ್ಪೇನೂ ಇಲ್ಲ. ಆದರೆ ಅಂಥ ಪಂದ್ಯದಿಂದ ಯಾರಿಗೆ ಏನು ತಿಳಿಯಿತು? ಗೆದ್ದವರಿಗೆ ತಮ್ಮ ಆಟದ ಮಟ್ಟ ತಿಳಿಯಲಿಲ್ಲ. ಸೋತ ಮಕ್ಕಳಿಗೆ ಕಲಿಯಲು ಏನೂ ಸಿಗಲಿಲ್ಲ. ಆಯ್ಕೆಗಾರರಿಗೂ ಆ ಅಂಕಿಯನ್ನು ಯಾವ ತಕ್ಕಡಿಯಲ್ಲಿ ತೂಗಬೇಕೆಂಬುದು ಕಷ್ಟವಾಯಿತು.

ಅಮೆರಿಕದ ಕಾಲೇಜುಗಳ ಲೆಕ್ಕ

ಈ ತಕ್ಕಡಿಯ ಸಮಸ್ಯೆಗೆ ಅತ್ಯಂತ ವಿಸ್ತಾರವಾದ ನಿಯಮ ಮಾಡಿಕೊಂಡಿರುವುದು ಅಮೆರಿಕದ ಕಾಲೇಜು ಬಾಸ್ಕೆಟ್‌ಬಾಲ್. ಮುಂಬೈ ಪದ್ಧತಿಯ ವಿಶೇಷ ತಿಳಿಯಲು ಅದನ್ನೊಮ್ಮೆ ನೋಡುವುದು ಉಪಯುಕ್ತ.

ಅಲ್ಲಿ ಪ್ರತಿ ಕಾಲೇಜೂ ಒಂದು ಗುಂಪಿಗೆ ಸೇರಿರುತ್ತದೆ. ಗುಂಪಿನೊಳಗಿನ ಪಂದ್ಯಗಳನ್ನು ಆ ಗುಂಪೇ ನಿಗದಿ ಮಾಡುತ್ತದೆ. ಗುಂಪಿನ ಹೊರಗಿನ ಸುಮಾರು ಹತ್ತು ಹನ್ನೆರಡು ಪಂದ್ಯಗಳನ್ನು ಮಾತ್ರ ಕೋಚ್‌ಗಳೇ ಫೋನ್ ಮಾಡಿ, ಒಪ್ಪಂದ ಮಾಡಿಕೊಂಡು ಹೊಂದಿಸಬೇಕು. ವರ್ಷದ ಕೊನೆಯ ರಾಷ್ಟ್ರೀಯ ಟೂರ್ನಿಗೆ 68 ತಂಡಗಳನ್ನು ಆರಿಸುವಾಗ ಎಷ್ಟು ಗೆದ್ದಿರಿ ಎಂಬುದರ ಜೊತೆ ಯಾರ ವಿರುದ್ಧ, ಎಲ್ಲಿ ಗೆದ್ದಿರಿ ಎಂದೂ ನೋಡುತ್ತಾರೆ. 2018ರಲ್ಲಿ ಜಾರಿಗೆ ಬಂದ 'ನೆಟ್' ಎಂಬ ರ‍್ಯಾಂಕಿಂಗ್ ಪ್ರಕಾರ, ತವರಿನಲ್ಲಿ ಮೊದಲ 30ರೊಳಗಿನ ತಂಡವನ್ನು ಸೋಲಿಸುವುದೂ ಎದುರಾಳಿಯ ಅಂಗಳದಲ್ಲಿ ಮೊದಲ 75ರೊಳಗಿನ ತಂಡವನ್ನು ಸೋಲಿಸುವುದೂ ಒಂದೇ ದರ್ಜೆಯ ಗೆಲುವು.

ತೊಂದರೆ ಬರುವುದು ಮಧ್ಯಮ ದರ್ಜೆಯ ಕಾಲೇಜುಗಳಿಗೆ. ಅವು ಚೆನ್ನಾಗಿ ಆಡುತ್ತವೆ, ಆದರೆ ಹೆಸರು ದೊಡ್ಡದಲ್ಲ. ಅವುಗಳ ಅಂಗಳಕ್ಕೆ ಹೋಗಿ ಆಡಲು ದೊಡ್ಡ ಕಾಲೇಜುಗಳು ಒಪ್ಪುವುದಿಲ್ಲ. ಗೆದ್ದರೆ ಲಾಭ ಕಡಿಮೆ, ಸೋತರೆ ಮಾನ ಹೋಗುತ್ತದೆ. ತೀರಾ ದುರ್ಬಲ ತಂಡವನ್ನಾದರೆ ಹಣ ಕೊಟ್ಟು ತಮ್ಮ ಅಂಗಳಕ್ಕೇ ಕರೆಸಿಕೊಳ್ಳುತ್ತವೆ. ಅಂಥ ಒಂದು ಪಂದ್ಯಕ್ಕೆ ಲಕ್ಷ ಡಾಲರ್ ಆಸುಪಾಸು ಸಿಗುವುದುಂಟು. ಚಿಕ್ಕ ಕಾಲೇಜಿನ ಕ್ರೀಡಾ ವಿಭಾಗಕ್ಕೆ ಅದು ದೊಡ್ಡ ಮೊತ್ತ. ಆದರೆ ನಡುವಿನವರ ಪಾಡು ಬೇರೆ. 2024ರಲ್ಲಿ ಇಂಡಿಯಾನಾ ಸ್ಟೇಟ್ ತಂಡ 28 ಪಂದ್ಯ ಗೆದ್ದಿದ್ದರೂ ರಾಷ್ಟ್ರೀಯ ಟೂರ್ನಿಗೆ ಕರೆ ಬರಲಿಲ್ಲ. ಬಲಿಷ್ಠರ ವಿರುದ್ಧ ಸಾಕಷ್ಟು ಗೆಲುವುಗಳಿಲ್ಲ ಎಂಬುದೇ ಅಂದು ಚರ್ಚೆಯ ವಿಷಯವಾಗಿತ್ತು.

ಮುಂಬೈನಲ್ಲಿ ಇಂಥ ರ‍್ಯಾಂಕಿಂಗ್ ಇಲ್ಲ. ಚಿಕ್ಕ ತಂಡಕ್ಕೆ ಹಣ ಕೊಟ್ಟು ಕರೆಸುವ ಪದ್ಧತಿಯೂ ಇಲ್ಲ. ಇಲ್ಲಿರುವುದು ಬೇರೆ ದಾರಿಗಳು.

ಮೊದಲ ದಾರಿ: ಮೆಟ್ಟಿಲು ಹತ್ತುವುದು

ಕ್ಲಬ್‌ಗಳಿಗೆ ಇರುವ ಮುಖ್ಯ ದಾರಿ ಕಾಂಗಾ ಲೀಗ್. ಪಾರ್ಸಿ ಕ್ರಿಕೆಟಿಗ ಡಾ. ಹೊರ್ಮಸ್ಜಿ ಕಾಂಗಾ ಅವರ ನೆನಪಿಗೆ 1948ರಲ್ಲಿ ಇದು ಶುರುವಾಯಿತು. ಮಳೆಗಾಲದಲ್ಲಿ, ಹೊದಿಕೆ ಇಲ್ಲದ ಒದ್ದೆ ಪಿಚ್‌ನಲ್ಲಿ ಆಡಿಸುವ ಯೋಚನೆಯ ಹಿಂದೆ ಇದ್ದವರು ವಿಜಯ್ ಮರ್ಚೆಂಟ್. ಇಂಗ್ಲೆಂಡ್‌ನ ವಾತಾವರಣಕ್ಕೆ ಇಲ್ಲಿಯ ಬ್ಯಾಟರ್‌ಗಳನ್ನು ಸಿದ್ಧಗೊಳಿಸುವುದು ಅದರ ಉದ್ದೇಶ.

ಲೀಗ್‌ನಲ್ಲಿ 'ಎ'ಯಿಂದ 'ಜಿ'ವರೆಗೆ ವಿಭಾಗಗಳಿವೆ. ಒಂದು ವಿಭಾಗದಲ್ಲಿ ಮೇಲಿನ ಸ್ಥಾನ ಪಡೆದ ತಂಡ ಮುಂದಿನ ವರ್ಷ ಮೇಲಿನ ವಿಭಾಗಕ್ಕೆ ಏರುತ್ತದೆ, ಕೊನೆಯಲ್ಲಿ ಉಳಿದದ್ದು ಕೆಳಗಿಳಿಯುತ್ತದೆ. ಇಲ್ಲಿ ದೊಡ್ಡ ಕ್ಲಬ್ ಚಿಕ್ಕ ಕ್ಲಬ್ ಜೊತೆ ಆಡಲು ಒಪ್ಪುತ್ತದೆಯೇ ಎಂಬ ಪ್ರಶ್ನೆಯೇ ಬರುವುದಿಲ್ಲ. ಒಂದೇ ವಿಭಾಗದಲ್ಲಿದ್ದರೆ ಆಡಲೇಬೇಕು. ಬಲಿಷ್ಠ ಎದುರಾಳಿಯನ್ನು ಇಲ್ಲಿ ಗೆದ್ದು ಸಂಪಾದಿಸಬೇಕು.

'ಎ' ವಿಭಾಗದ ಬೆಲೆ ಏನೆಂಬುದನ್ನು ಹಳಬರು ದಾದರ್ ಯೂನಿಯನ್ ಮತ್ತು ಶಿವಾಜಿ ಪಾರ್ಕ್ ಜಿಮ್ಖಾನಾ ನಡುವಿನ ಪಂದ್ಯಗಳ ಮೂಲಕ ಹೇಳುತ್ತಾರೆ. ಸುನಿಲ್ ಗವಾಸ್ಕರ್, ದಿಲೀಪ್ ವೆಂಗ್‌ಸರ್ಕಾರ್ ಅವರಂಥವರು ದಾದರ್ ಯೂನಿಯನ್‌ನಿಂದ ಬಂದವರು. ಟೆಸ್ಟ್ ಆಟಗಾರರು ಭಾನುವಾರ ಕ್ಲಬ್ ಪರ ಆಡಲು ಬರುತ್ತಿದ್ದ ಕಾಲವದು. ಆ ವಿಭಾಗಕ್ಕೆ ಏರಿದ ತಂಡದ ಹುಡುಗನಿಗೆ ದೇಶದ ಅತ್ಯುತ್ತಮರ ಎದುರು ಆಡುವ ಅವಕಾಶ ತಾನಾಗಿಯೇ ಸಿಗುತ್ತಿತ್ತು. ಸಚಿನ್ 1984ರಲ್ಲಿ, 11ನೇ ವಯಸ್ಸಿನಲ್ಲಿ, ಜಾನ್ ಬ್ರೈಟ್ ಕ್ಲಬ್ ಪರ ಇದೇ ಲೀಗ್‌ಗೆ ಕಾಲಿಟ್ಟರು. ದೊಡ್ಡವರ ಜೊತೆ ಆಡಿಸಲು ವಯಸ್ಸು ಅಡ್ಡಿಯಾಗಲಿಲ್ಲ.

ಕನ್ನಡಿಗರಿಗೆ ಈ ಲೀಗ್ ಅಪರಿಚಿತವಲ್ಲ. ಕ್ರಾಸ್ ಮೈದಾನದ ಕರ್ನಾಟಕ ಸ್ಪೋರ್ಟಿಂಗ್ ಅಸೋಸಿಯೇಷನ್ ಮುಂಬೈನ ಹಳೆಯ ಕ್ಲಬ್‌ಗಳ ಸಾಲಿನಲ್ಲಿದೆ. ಕಾಂದಿವಲಿಯ ಪಯ್ಯಡೆ ಸ್ಪೋರ್ಟ್ಸ್ ಕ್ಲಬ್‌ನ ಹೆಸರು ಕೇಳಿದರೆ ಕರಾವಳಿಯವರಿಗೆ ಊರಿನ ನೆನಪಾಗುತ್ತದೆ. ದಕ್ಷಿಣ ಮುಂಬೈನ ಮೈದಾನಗಳಿಂದ ದೂರದ ಉಪನಗರದ ಕ್ಲಬ್‌ಗಳೂ ಹೀಗೆ ಲೀಗ್‌ನಲ್ಲಿ ಹೆಸರು ಮಾಡಿವೆ.

ಕಚೇರಿ ತಂಡಗಳ ಟೈಮ್ಸ್ ಶೀಲ್ಡ್‌ನಲ್ಲೂ ಇದೇ ಬಗೆಯ ವಿಭಾಗಗಳಿವೆ. ಬ್ಯಾಂಕ್, ವಿಮಾನಯಾನ, ತೈಲ ಕಂಪನಿ, ಜವಳಿ ಗಿರಣಿಗಳು ಆಟಗಾರರಿಗೆ ಕೆಲಸ ಕೊಟ್ಟು ತಂಡ ಕಟ್ಟಿದ ಕಾಲದಲ್ಲಿ, ಸಣ್ಣ ಕಚೇರಿಯ ಗುಮಾಸ್ತನೊಬ್ಬ ಟೆಸ್ಟ್ ಬೌಲರ್‌ನನ್ನು ಎದುರಿಸುವ ಸಂದರ್ಭ ಬರುತ್ತಿತ್ತು.

ಈ ದಾರಿಯ ಕೊರತೆ ಎಂದರೆ ಅದು ನಿಧಾನ. ವರ್ಷಕ್ಕೆ ಒಂದೇ ಮೆಟ್ಟಿಲು. 'ಎಫ್' ವಿಭಾಗದಲ್ಲಿರುವ ಕ್ಲಬ್‌ನ 16 ವರ್ಷದ ಹುಡುಗ ತನ್ನ ತಂಡ 'ಎ' ತಲುಪುವವರೆಗೆ ಕಾಯಲಾರ. ಅಷ್ಟರಲ್ಲಿ ಅವನಿಗೆ 21 ಆಗಿರುತ್ತದೆ. ಹಾಗಾಗಿಯೇ ಚೆನ್ನಾಗಿ ಆಡುವ ಹುಡುಗರು ಕ್ಲಬ್ ಬದಲಿಸುತ್ತಾರೆ. ಆಗ ಚಿಕ್ಕ ಕ್ಲಬ್ ಇನ್ನಷ್ಟು ಸೊರಗುತ್ತದೆ.

ಎರಡನೇ ದಾರಿ: ನಾಕೌಟ್ ಮತ್ತು ಆಹ್ವಾನ

ಶಾಲೆಗಳಿಗೆ 16 ವರ್ಷದೊಳಗಿನವರ ಹ್ಯಾರಿಸ್ ಶೀಲ್ಡ್, 14 ವರ್ಷದೊಳಗಿನವರ ಗೈಲ್ಸ್ ಶೀಲ್ಡ್ ಇವೆ. ಎರಡೂ ನೂರು ವರ್ಷ ದಾಟಿದ ಟೂರ್ನಿಗಳು. ಇಂಥ ಕಡೆ ಡ್ರಾ ಎತ್ತಿದಾಗ ಯಾರಿಗೆ ಯಾರು ಸಿಗುತ್ತಾರೆಂದು ಹೇಳಲಾಗದು. ಚಿಕ್ಕ ಶಾಲೆಗೆ ಮೊದಲ ಸುತ್ತಿನಲ್ಲೇ ಬಲಿಷ್ಠ ಶಾಲೆ ಎದುರಾದರೆ ಪಂದ್ಯ ಅರ್ಧ ದಿನದಲ್ಲಿ ಮುಗಿಯಬಹುದು. ಆದರೆ ಆ ಅರ್ಧ ದಿನದಲ್ಲಿ ಬೌಂಡರಿ ಗೆರೆಯ ಆಚೆ ಅನುಭವಿ ಕೋಚ್‌ಗಳು, ಕೆಲವೊಮ್ಮೆ ಆಯ್ಕೆಗಾರರೂ ಇರುತ್ತಾರೆ. ರೋಹಿತ್ ಅವರ ಕಥೆ ನಡೆದದ್ದು ಇಂಥದೇ ಶಾಲಾ ಪಂದ್ಯದಲ್ಲಿ.

ಕ್ಲಬ್‌ಗಳಿಗೆ ಪೊಲೀಸ್ ಇನ್ವಿಟೇಷನ್ ಶೀಲ್ಡ್, ಪುರುಷೋತ್ತಮ್ ಶೀಲ್ಡ್‌ನಂಥ ಟೂರ್ನಿಗಳಿವೆ. ಬೇರೆ ಬೇರೆ ವಿಭಾಗಗಳ ತಂಡಗಳು ಎದುರುಬದುರಾಗುವ ಸಾಧ್ಯತೆ ಇಲ್ಲಿದೆ. ಲೀಗ್‌ನ ಮೆಟ್ಟಿಲನ್ನು ಒಂದೇ ಜಿಗಿತಕ್ಕೆ ದಾಟುವ ಅವಕಾಶವಿದು.

ಮೂರನೇ ದಾರಿ: ಕೋಚ್‌ನ ಫೋನ್

ಅಮೆರಿಕದ ಕೋಚ್‌ಗಳು ಮಾಡುವ ಕೆಲಸಕ್ಕೆ ಅತ್ಯಂತ ಹತ್ತಿರದ್ದು ಮುಂಬೈನ ಅಭ್ಯಾಸ ಪಂದ್ಯ. ಇದಕ್ಕೆ ಅಂಕವಿಲ್ಲ, ಟ್ರೋಫಿ ಇಲ್ಲ. ಒಬ್ಬ ಕೋಚ್ ಇನ್ನೊಬ್ಬ ಕೋಚ್‌ಗೆ ಫೋನ್ ಮಾಡುತ್ತಾರೆ, ದಿನ ಗೊತ್ತು ಮಾಡುತ್ತಾರೆ.

ಈ ವಿದ್ಯೆಯಲ್ಲಿ ದೊಡ್ಡ ಹೆಸರು ಶಿವಾಜಿ ಪಾರ್ಕ್‌ನ ರಮಾಕಾಂತ್ ಅಚ್ರೇಕರ್. ಒಂದು ಬೇಸಿಗೆ ರಜೆಯ 60 ದಿನಗಳಲ್ಲಿ ತಾವು 55 ಅಭ್ಯಾಸ ಪಂದ್ಯ ಆಡಿದ್ದಾಗಿ ಸಚಿನ್ ತಮ್ಮ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಅಚ್ರೇಕರ್ ಅವರು ಸಚಿನ್‌ರನ್ನು ಸ್ಕೂಟರ್ ಹಿಂದೆ ಕೂರಿಸಿಕೊಂಡು ಒಂದು ಮೈದಾನದಿಂದ ಇನ್ನೊಂದು ಮೈದಾನಕ್ಕೆ ಕರೆದೊಯ್ದು ಆಡಿಸುತ್ತಿದ್ದುದು ಮುಂಬೈನಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ. ನೆಟ್ಸ್‌ನಲ್ಲಿ ಔಟಾದರೆ ಮತ್ತೆ ಬ್ಯಾಟ್ ಹಿಡಿದು ನಿಲ್ಲಬಹುದು, ಪಂದ್ಯದಲ್ಲಿ ಹಾಗಾಗದು. ಆ ವ್ಯತ್ಯಾಸವನ್ನು ದಿನವೂ ಮನವರಿಕೆ ಮಾಡಿಸುವುದೇ ಅವರ ಪಾಠವಾಗಿತ್ತು.

ಆದರೆ ಎಲ್ಲ ಕೋಚ್‌ಗಳ ಫೋನ್‌ಗೂ ಒಂದೇ ಬೆಲೆ ಇರುವುದಿಲ್ಲ. ದೊಡ್ಡ ತಂಡ ಒಪ್ಪಬೇಕಾದರೆ ಅದಕ್ಕೂ ಏನಾದರೂ ಸಿಗಬೇಕು. ಚಿಕ್ಕ ತಂಡ ಕೊಡಬಹುದಾದದ್ದು ಕೆಲವೇ: ಒಳ್ಳೆಯ ಪಿಚ್, ಒಬ್ಬ ನಿಜವಾದ ವೇಗಿ ಅಥವಾ ಎಡಗೈ ಸ್ಪಿನ್ನರ್, ಹೇಳಿದ ಸಮಯಕ್ಕೆ 11 ಜನರನ್ನು ಕರೆತರುವ ಶಿಸ್ತು. ಗಾಯದಿಂದ ಚೇತರಿಸಿಕೊಂಡ ಆಟಗಾರನಿಗೆ ಒಂದಷ್ಟು ಓವರ್ ಬೇಕಿದ್ದರೆ, ಹೊಸ ಆರಂಭಿಕನನ್ನು ಪರೀಕ್ಷಿಸಬೇಕಿದ್ದರೆ ದೊಡ್ಡ ತಂಡಕ್ಕೂ ಅಭ್ಯಾಸ ಪಂದ್ಯ ಬೇಕು. ಅಂಥ ಹೊತ್ತು ನೋಡಿ ಕೇಳುವುದು ಜಾಣತನ.

ಖರ್ಚಿನ ಲೆಕ್ಕವೂ ಇದೆ. ಮೈದಾನದ ಬಾಡಿಗೆ, ಚೆಂಡು, ಅಂಪೈರ್ ಶುಲ್ಕ, ಮಧ್ಯಾಹ್ನದ ಊಟ ಎಲ್ಲ ಸೇರುತ್ತದೆ. ಸ್ವಂತ ಪಿಚ್ ಇರುವ ಕ್ಲಬ್ ಎದುರಾಳಿಯನ್ನು ಕರೆಯಬಲ್ಲದು. ಇಲ್ಲದ ಕ್ಲಬ್ ಕರೆದಲ್ಲಿಗೆ ಹೋಗಬೇಕು. ಆಜಾದ್ ಮೈದಾನದಲ್ಲಿ ಒಂದು ಪಂದ್ಯದ ಫೀಲ್ಡರ್ ಪಕ್ಕದ ಪಂದ್ಯದ ಅಂಪೈರ್‌ಗೆ ಬೆನ್ನು ತಾಗಿಸಿ ನಿಲ್ಲುವಷ್ಟು ಇಕ್ಕಟ್ಟು. ಅಲ್ಲೊಂದು ಪಿಚ್ ಖಾಲಿ ಸಿಗುವುದೇ ಅರ್ಧ ಯುದ್ಧ ಗೆದ್ದಂತೆ.

ರಾಜ್ಯ ತಂಡಗಳಿಗೂ ಇದೇ ಚಿಂತೆ

ಶಾಲೆ, ಕ್ಲಬ್‌ಗಳ ಈ ಚಿಂತೆ ರಣಜಿ ತಂಡಗಳನ್ನೂ ಬಿಟ್ಟಿಲ್ಲ. ರಣಜಿಯಲ್ಲಿ ಎದುರಾಳಿಗಳನ್ನು ನಿಗದಿ ಮಾಡುವುದು ಬಿಸಿಸಿಐ. ಅಲ್ಲಿ ಗೆಲುವಿಗೆ 6 ಅಂಕ. ಎದುರಾಳಿ ಎಷ್ಟೇ ಬಲಿಷ್ಠವಾಗಿರಲಿ, ದುರ್ಬಲವಾಗಿರಲಿ, ಅಂಕ ಬದಲಾಗುವುದಿಲ್ಲ. ಹಾಗಾಗಿ ತಂಡಗಳು ಸ್ವತಃ ಎದುರಾಳಿಯನ್ನು ಹುಡುಕಿಕೊಳ್ಳುವುದು ಋತುವಿಗೆ ಮುನ್ನ, ಆಗಸ್ಟ್–ಸೆಪ್ಟೆಂಬರ್‌ನಲ್ಲಿ.

2024ರ ಮಾರ್ಚ್‌ನಲ್ಲಿ ವಾಂಖೆಡೆಯಲ್ಲಿ ವಿದರ್ಭವನ್ನು ಸೋಲಿಸಿ 42ನೇ ರಣಜಿ ಕಿರೀಟ ಗೆದ್ದ ಮುಂಬೈ ಕೂಡ ಅದೇ ವರ್ಷ ತಮಿಳುನಾಡಿಗೆ ಹೋಗಿ ಬುಚಿ ಬಾಬು ಟೂರ್ನಿ ಆಡಿತು. 2025ರ ಬೇಸಿಗೆಯಲ್ಲಿ ಮುಂಬೈ ಕ್ರಿಕೆಟ್ ಸಂಸ್ಥೆ ಉದಯೋನ್ಮುಖ ಆಟಗಾರರ ತಂಡವನ್ನು ಇಂಗ್ಲೆಂಡ್‌ಗೆ ಕಳುಹಿಸಿತು. ಮುಶೀರ್ ಖಾನ್ ಅಲ್ಲಿ ಸತತ ಶತಕ ಹೊಡೆದರು. 42 ಬಾರಿ ಗೆದ್ದವರೇ ಎದುರಾಳಿಯನ್ನು ಹುಡುಕಿಕೊಂಡು ಹೋಗುತ್ತಾರೆಂದರೆ ಉಳಿದವರ ಮಾತೇನು?

ಬುಚಿ ಬಾಬು ಟೂರ್ನಿಯಲ್ಲಿ 2024ರಲ್ಲಿ ಆಡಿದ ತಂಡಗಳಲ್ಲಿ ಜಮ್ಮು–ಕಾಶ್ಮೀರವೂ ಇತ್ತು. 2025ರ ಜನವರಿಯಲ್ಲಿ ಅದೇ ತಂಡ ಬಾಂದ್ರಾ ಕುರ್ಲಾ ಸಂಕೀರ್ಣದ ಮೈದಾನದಲ್ಲಿ ಮುಂಬೈಯನ್ನು 5 ವಿಕೆಟ್‌ಗಳಿಂದ ಸೋಲಿಸಿತು. ಮುಂಬೈ ಪರ ರೋಹಿತ್ ಶರ್ಮಾ, ಯಶಸ್ವಿ ಜೈಸ್ವಾಲ್, ಅಜಿಂಕ್ಯ ರಹಾನೆ, ಶ್ರೇಯಸ್ ಅಯ್ಯರ್ ಎಲ್ಲರೂ ಇದ್ದರು. ಆ ಗೆಲುವಿಗೆ ಒಂದು ಟೂರ್ನಿಯನ್ನು ಕಾರಣವಾಗಿ ತೋರಿಸಲಾಗದು. ಆದರೆ ದೊಡ್ಡ ಹೆಸರುಗಳ ಎದುರು ಕಾಲು ನಡುಗದಿರಬೇಕಾದರೆ ಮೊದಲೇ ಅಂಥವರ ಎದುರು ನಿಂತ ಅಭ್ಯಾಸ ಇರಬೇಕು.

ಹೆಸರು ನೋಡಿ ಮೋಸ ಹೋಗಬಾರದು

ಬೆಂಗಳೂರಿನಲ್ಲಿ ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆ ನಡೆಸುವ ಕ್ಯಾಪ್ಟನ್ ಕೆ. ತಿಮ್ಮಪ್ಪಯ್ಯ ಸ್ಮಾರಕ ಟೂರ್ನಿಯೂ ಇಂಥದೇ ವೇದಿಕೆ. 2024ರ ಸೆಪ್ಟೆಂಬರ್‌ನಲ್ಲಿ ಇಲ್ಲಿ ಗೋವಾ ತಂಡ ಕೆಎಸ್‌ಸಿಎ ಇಲೆವೆನ್ ತಂಡವನ್ನು ಇನಿಂಗ್ಸ್ ಮತ್ತು 189 ರನ್‌ಗಳಿಂದ ಮಣಿಸಿತು. ಮುಂಬೈ ಬಿಟ್ಟು ಗೋವಾ ಸೇರಿದ್ದ ಅರ್ಜುನ್ ತೆಂಡೂಲ್ಕರ್ 9 ವಿಕೆಟ್ ಪಡೆದರು. 'ಕರ್ನಾಟಕವನ್ನು ಸೋಲಿಸಿದ ಗೋವಾ' ಎಂದು ಹಲವೆಡೆ ಸುದ್ದಿಯಾಯಿತು. ಆದರೆ ಅದು ಕರ್ನಾಟಕದ ರಣಜಿ ತಂಡವಾಗಿರಲಿಲ್ಲ. ಬಹುತೇಕ ಕಿರಿಯರೇ ಇದ್ದ ತಂಡ.

ಆ ವರ್ಷ ರಣಜಿಯಲ್ಲಿ ಗೋವಾ ಪ್ಲೇಟ್ ಗುಂಪಿನಲ್ಲಿತ್ತು. ನವೆಂಬರ್‌ನಲ್ಲಿ ಅರುಣಾಚಲ ಪ್ರದೇಶದ ವಿರುದ್ಧ ಕಶ್ಯಪ್ ಬಾಕ್ಲೆ ಮತ್ತು ಸ್ನೇಹಲ್ ಕೌಠಣಕರ್ ಮುರಿಯದ 606 ರನ್‌ಗಳ ಜೊತೆಯಾಟವಾಡಿದರು. ಗೋವಾ ಇನಿಂಗ್ಸ್ ಮತ್ತು 551 ರನ್‌ಗಳಿಂದ ಗೆದ್ದಿತು, ಪ್ಲೇಟ್ ಗುಂಪನ್ನೂ ಗೆದ್ದು ಎಲೀಟ್‌ಗೆ ಏರಿತು. ನಿಜವಾದ ಪರೀಕ್ಷೆ ಬಂದದ್ದು ಮುಂದಿನ ಋತುವಿನಲ್ಲಿ. 2025ರ ಅಕ್ಟೋಬರ್‌ನಲ್ಲಿ ಶಿವಮೊಗ್ಗದಲ್ಲಿ ಕರ್ನಾಟಕದ ರಣಜಿ ತಂಡ ಎದುರಾಯಿತು. ಕರುಣ್ ನಾಯರ್ ಅಜೇಯ 174 ರನ್ ಹೊಡೆದರು. ಪಂದ್ಯ ಡ್ರಾ ಆದರೂ ಮೊದಲ ಇನಿಂಗ್ಸ್ ಮುನ್ನಡೆ ಕರ್ನಾಟಕದ ಪಾಲಾಯಿತು.

ಇದರಿಂದ ಕಲಿಯಬೇಕಾದದ್ದು ಇಷ್ಟೇ. ಬಲಿಷ್ಠ ಎದುರಾಳಿ ಸಿಕ್ಕಿತು ಎಂದು ಬೀಗುವ ಮುನ್ನ ಅಂಗಳಕ್ಕೆ ಇಳಿದವರು ಯಾರು ಎಂದು ನೋಡಬೇಕು. ಅಭ್ಯಾಸ ಪಂದ್ಯಕ್ಕೆ ದೊಡ್ಡ ಕ್ಲಬ್ ತನ್ನ ಎರಡನೇ ತಂಡವನ್ನು ಕಳುಹಿಸುವುದು ಮುಂಬೈನಲ್ಲೂ ಹೊಸದಲ್ಲ.

ಎಷ್ಟು ಕಠಿಣವಾಗಿರಬೇಕು?

ಹಾಗೆಂದು ಎಲ್ಲ ಪಂದ್ಯಗಳನ್ನೂ ತಮಗಿಂತ ಬಹಳ ಬಲಿಷ್ಠರ ವಿರುದ್ಧ ಆಡುವುದೂ ಸರಿಯಲ್ಲ. 31ಕ್ಕೆ, 52ಕ್ಕೆ ಆಲೌಟ್ ಆಗುವ ಮಕ್ಕಳು ಬ್ಯಾಟಿಂಗ್ ಕಲಿಯುವುದಿಲ್ಲ, ಹೆದರಿಕೆ ಕಲಿಯುತ್ತಾರೆ. ವಾರವಾರವೂ ಸೋಲುವ ತಂಡಕ್ಕೆ ಮುಂದಿನ ವಾರ 11 ಜನ ಸೇರುವುದೇ ಕಷ್ಟ.

ಒಂದಷ್ಟು ಪಂದ್ಯ ಗೆಲ್ಲುವಂಥವು, ಹೆಚ್ಚಿನವು ಸಮಬಲದವು, ಕೆಲವು ಸೋಲು ಖಚಿತ ಎನಿಸುವಂಥವು ಇದ್ದರೆ ವೇಳಾಪಟ್ಟಿ ಸಮತೋಲನದಲ್ಲಿರುತ್ತದೆ. ಕೊನೆಯ ಬಗೆಯ ಪಂದ್ಯದಲ್ಲಿ ಗುರಿಯನ್ನೂ ಬದಲಿಸಬೇಕು. ಗೆಲ್ಲಲೇಬೇಕೆಂಬುದಕ್ಕಿಂತ ಮೊದಲ 15 ಓವರ್ ವಿಕೆಟ್ ಕಳೆದುಕೊಳ್ಳದಿರುವುದು, ಎದುರಾಳಿಯ ಮುಖ್ಯ ಬ್ಯಾಟರ್‌ನನ್ನು 30ರೊಳಗೆ ಕಟ್ಟಿಹಾಕುವುದು ಗುರಿಯಾಗಬಹುದು. ಸೋಲಿನಿಂದ ಏನನ್ನೂ ಕಳೆದುಕೊಳ್ಳದ ಅಭ್ಯಾಸ ಪಂದ್ಯಗಳೇ ಇಂಥ ಪ್ರಯೋಗಕ್ಕೆ ಯೋಗ್ಯ.

ವಿರಾರ್‌ನಿಂದ ಚರ್ಚ್‌ಗೇಟ್‌ಗೆ

ಇಷ್ಟೆಲ್ಲ ಲೆಕ್ಕದ ಕೊನೆಯಲ್ಲಿ ಉಳಿಯುವುದು ದೂರ. ವಿರಾರ್‌ನಿಂದ ಚರ್ಚ್‌ಗೇಟ್‌ಗೆ ಸುಮಾರು 60 ಕಿಲೋಮೀಟರ್. ಬಲಿಷ್ಠ ಕ್ಲಬ್‌ಗಳು, ಹಳೆಯ ಮೈದಾನಗಳು, ಆಯ್ಕೆಗಾರರು ಇರುವುದು ಹೆಚ್ಚಾಗಿ ದಕ್ಷಿಣದ ತುದಿಯಲ್ಲಿ. ಮಕ್ಕಳಿರುವ ಹೊಸ ಬಡಾವಣೆಗಳು ಉತ್ತರದ ತುದಿಯಲ್ಲಿ. ಪಂದ್ಯ ಭಾನುವಾರ ಇದ್ದರೆ ರೈಲ್ವೆಯ ಮೆಗಾ ಬ್ಲಾಕ್ ಕೂಡ ಅದೇ ದಿನ.

ಪೃಥ್ವಿ ಶಾ ವಿರಾರ್‌ನಿಂದ ಬಂದವರು. ಭಾರತದ 19 ವರ್ಷದೊಳಗಿನವರ ತಂಡವನ್ನು ಮುನ್ನಡೆಸಿದ ಆಯುಷ್ ಮ್ಹಾತ್ರೆ ಕೂಡ ಅಲ್ಲಿಯವರೇ. ಇಬ್ಬರೂ ಚಿಕ್ಕ ವಯಸ್ಸಿನಲ್ಲೇ ಕಿಟ್ ಬ್ಯಾಗ್ ಹೊತ್ತು ಲೋಕಲ್ ರೈಲಿನಲ್ಲಿ ಗಂಟೆಗಟ್ಟಲೆ ಪ್ರಯಾಣಿಸಿದವರು. ಒಳ್ಳೆಯ ಎದುರಾಳಿ ಮನೆ ಬಾಗಿಲಿಗೆ ಬರುವುದಿಲ್ಲ ಎಂದು ಅವರ ಮನೆಯವರಿಗೆ ಗೊತ್ತಿತ್ತು. ಜೊತೆಗೆ ಬರುವ ಹಿರಿಯರಿಲ್ಲದ, ಬೆಳಗಿನ ರೈಲಿಗೆ ಏಳಿಸುವವರಿಲ್ಲದ ಮಕ್ಕಳ ಸಂಖ್ಯೆಯೂ ಚಿಕ್ಕದಲ್ಲ.

ಅವರಿಗಾಗಿ ಒಬ್ಬ ಕೋಚ್ ಮಾಡಬಹುದಾದ ಕೆಲಸ ಸರಳ. ತಿಂಗಳಿಗೊಮ್ಮೆಯಾದರೂ ತನ್ನ ತಂಡಕ್ಕಿಂತ ಒಂದು ಮೆಟ್ಟಿಲು ಮೇಲಿರುವ ತಂಡಕ್ಕೆ ಫೋನ್ ಮಾಡಿ, ನಮ್ಮ ಕಡೆ ಒಂದು ಪಂದ್ಯ ಆಡೋಣವೇ ಎಂದು ಕೇಳುವುದು. ದೊಡ್ಡ ತಂಡ ಮಾಡಬಹುದಾದದ್ದು ಇನ್ನೂ ಸರಳ. ಆ ಫೋನ್‌ಗೆ ಆಗಲಿ ಎನ್ನುವುದು, ಅಪರೂಪಕ್ಕೊಮ್ಮೆ ಉತ್ತರದ ಕಡೆಗೆ ರೈಲು ಹತ್ತುವುದು. ಬೊರಿವಲಿಯ ಆ ಪಂದ್ಯದಲ್ಲಿ ದಿನೇಶ್ ಲಾಡ್ ಅವರ ತಂಡ ಎದುರಿಸಿದ್ದು ದೊಡ್ಡ ಹೆಸರಿನ ಶಾಲೆಯನ್ನಲ್ಲ. ಆದರೂ ಅವರು ಆಟವನ್ನು ಗಮನವಿಟ್ಟು ನೋಡುತ್ತಿದ್ದರು.